ಬ್ಯಾಂಡ್ ಬಂತು ಸರಿ, ಆದ್ರೆ ಅದು ಯಾರದ್ದು?

ನೂರು ಮೈಕ್ರೋಲೀಟರ್ ಅಂದ್ರೆ ಹೆಚ್ಚುಕಮ್ಮಿ ಎರಡು ಹನಿ ನೀರು. ಅಷ್ಟೇ ಅಳತೆಯ ಆಂಟಿಬಾಡಿ ಇರುವ ಒಂದು ಪುಟ್ಟ ಟ್ಯೂಬಿಗೆ ಸಂಶೋಧನಾ ಲ್ಯಾಬುಗಳು ಹತ್ತಾರು ಸಾವಿರ ರೂಪಾಯಿ ಕೊಡುತ್ತವೆ. ವಿದೇಶದಿಂದ ಬರುವುದಾದರೆ ಥರ್ಮಾಕೋಲ್ ಡಬ್ಬ, ಒಳಗೆ ಐಸ್ ಪ್ಯಾಕ್, ಕಸ್ಟಮ್ಸ್‌ನಲ್ಲಿ ಕಾಯೋದು, ಬಂದ ತಕ್ಷಣ ಫ್ರೀಜರಿಗೆ ಓಟ. ಇಷ್ಟೆಲ್ಲ ರಾಜಮರ್ಯಾದೆಯಲ್ಲಿ ಬರುವ ಆ ಟ್ಯೂಬಿನ ಮೇಲೆ ಒಂದು ಚೀಟಿ ಇರುತ್ತೆ. ‘ಆಂಟಿ-ಎನ್‌ಕ್ಯಾಮ್’ ಅಂತಲೋ, ಇನ್ನೇನೋ ಒಂದು ಹೆಸರು. ಈ ಲೇಖನ ಆ ಚೀಟಿಯ ಮೇಲಿನ ನನ್ನ ತಕರಾರು. ಚೀಟಿಯಲ್ಲಿ ಏನು ಬರೆದಿದೆಯೋ ಅದನ್ನೇ ಆ ದ್ರವ ಹಿಡಿಯುತ್ತೆ ಅಂತ ನಂಬೋದನ್ನು ನಮಗೆ ಕಲಿಸ್ತಿದ್ದಾರೆ. ಪರೀಕ್ಷೆ ಮಾಡಿ ನೋಡೋದನ್ನು ಕಲಿಸ್ತಿಲ್ಲ. ಬಯೋಟೆಕ್ ಓದುವವರಿಗೆ ಇದು ಸಣ್ಣ ಕೊರತೆ ಅಂತ ನನಗನಿಸಲ್ಲ.

ಸಿಎಸ್, ಇಸಿ, ಮೆಕ್ಯಾನಿಕಲ್ ಗೆಳೆಯರೇ, ಸ್ಕ್ರಾಲ್ ಮಾಡಿಕೊಂಡು ಮುಂದೆ ಹೋಗಬೇಡಿ. ನಿಮಗೂ ಅರ್ಥ ಆಗುವ ಹಾಗೆ ಬರೆಯೋಕೆ ಪ್ರಯತ್ನ ಮಾಡ್ತೀನಿ. (ಪಿಯುಸಿ ತನಕ ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ಕನ್ನಡದಲ್ಲಿ ಬಯಾಲಜಿ ಬರೆಯೋದು ನನಗೂ ಹೊಸದು. ಕನ್ನಡ ಪುಸ್ತಕಗಳಲ್ಲಿ ಆಂಟಿಬಾಡಿಗೆ ‘ಪ್ರತಿಕಾಯ’ ಅಂತಾರೆ. ಚೆನ್ನಾಗಿದೆ ಪದ. ಆದರೆ ನಮ್ಮ ಲ್ಯಾಬಿನಲ್ಲಿ ಅಟೆಂಡರ್ ಅಣ್ಣನಿಂದ ಹಿಡಿದು ಎಚ್‌ಒಡಿ ತನಕ ಎಲ್ಲರೂ ಆಂಟಿಬಾಡಿ ಅಂತಲೇ ಅನ್ನೋದು, ನಾನೂ ಹಾಗೇ ಬರೀತೀನಿ.)

ಮೊದಲು ಎನ್‌ಕ್ಯಾಮ್ ಅಂದ್ರೇನು ಅಂತ ನೋಡೋಣ. ನ್ಯೂರಲ್ ಸೆಲ್ ಅಡ್ಹೀಷನ್ ಮಾಲಿಕ್ಯೂಲ್ ಅನ್ನೋದರ ಚುಟುಕು ಹೆಸರು ಅದು. ನರಕೋಶಗಳು ಒಂದಕ್ಕೊಂದು ಅಂಟಿಕೊಳ್ಳೋಕೆ ನೆರವಾಗುವ ಪ್ರೋಟೀನ್. ಕೋಶದ ಹೊರಮೈಯಿಂದ ಕೈ ಚಾಚಿದ ಹಾಗೆ ಚಾಚಿಕೊಂಡಿರುತ್ತೆ, ಪಕ್ಕದ ಕೋಶದ ಎನ್‌ಕ್ಯಾಮ್ ಅನ್ನು ಹಿಡಿದುಕೊಳ್ಳುತ್ತೆ. ಭ್ರೂಣದಲ್ಲಿ ಮೆದುಳು ರೂಪುಗೊಳ್ಳುವಾಗ ಯಾವ ಕೋಶ ಯಾರ ಪಕ್ಕ ನಿಲ್ಲಬೇಕು, ನರತಂತು ಯಾವ ದಾರಿ ಹಿಡಿಯಬೇಕು ಅನ್ನೋದರಲ್ಲಿ ಇಂಥ ಪ್ರೋಟೀನುಗಳ ಪಾತ್ರ ದೊಡ್ಡದು. ಬೆಳೆದ ಮೆದುಳಿನಲ್ಲೂ ಕಲಿಕೆ, ನೆನಪು ಇವುಗಳಲ್ಲಿ ಎನ್‌ಕ್ಯಾಮ್‌ನ ಕೈವಾಡ ಇದೆ. ಎನ್‌ಕ್ಯಾಮ್ ಜೀನನ್ನು ಪೂರ್ತಿ ನಿಷ್ಕ್ರಿಯ ಮಾಡಿದ ಇಲಿಗಳ ವರದಿ 1994ರಲ್ಲಿ ಬಂತು. ಇಲಿಗಳು ಬದುಕಿದ್ದವು. ಆದರೆ ವಾಸನೆಗೆ ಸಂಬಂಧಪಟ್ಟ ಮೆದುಳಿನ ಭಾಗ, ಅಂದ್ರೆ ಆಲ್ಫ್ಯಾಕ್ಟರಿ ಬಲ್ಬ್, ಚಿಕ್ಕದಾಗಿತ್ತು. ಜಾಗ ನೆನಪಿಟ್ಟುಕೊಳ್ಳುವ ಪರೀಕ್ಷೆಯಲ್ಲಿ ಹಿಂದೆ ಬಿದ್ದವು. ಈ ಇಲಿಗಳು ಈ ಲೇಖನದಲ್ಲಿ ಇನ್ನೊಮ್ಮೆ ಬರ್ತವೆ, ನೆನಪಿರಲಿ.

ಇನ್ನು ಆಂಟಿಬಾಡಿ. ರೋಗಾಣುಗಳನ್ನು ಗುರುತು ಹಿಡಿಯೋಕೆ ನಮ್ಮ ದೇಹ ತಯಾರಿಸುವ, ಇಂಗ್ಲಿಷಿನ ವೈ ಅಕ್ಷರದ ಆಕಾರದ ಪ್ರೋಟೀನ್. ಮೊಲಕ್ಕೋ ಇಲಿಗೋ ನಮಗೆ ಬೇಕಾದ ಪ್ರೋಟೀನನ್ನು ಚುಚ್ಚಿದರೆ, ಅದು ಹೊರಗಿನದು ಅಂತ ತಿಳಿದು ಅದರ ದೇಹ ಆಂಟಿಬಾಡಿ ಮಾಡುತ್ತೆ. ಆ ಆಂಟಿಬಾಡಿಯನ್ನು ತೆಗೆದುಕೊಂಡು, ಬೆಳಕೋ ಬಣ್ಣವೋ ಕೊಡುವ ಗುರುತು ಜೋಡಿಸಿದರೆ, ಯಾವುದೇ ಅಂಗಾಂಶದಲ್ಲಿ ಆ ಪ್ರೋಟೀನ್ ಎಲ್ಲಿದೆ ಅಂತ ಹುಡುಕಬಹುದು. ಆದರೆ ಒಂದು ವಿಷಯ. ಆಂಟಿಬಾಡಿಗೆ ಇಡೀ ಪ್ರೋಟೀನ್ ಕಾಣಿಸಲ್ಲ. ಅದರ ಮೈಮೇಲಿನ ಒಂದು ಸಣ್ಣ ತುಣುಕಿನ ಆಕಾರ ಮಾತ್ರ ಅದಕ್ಕೆ ಗೊತ್ತು. ಎಪಿಟೋಪ್ ಅಂತಾರೆ ಅದಕ್ಕೆ. ಬಾಯ್ಸ್ ಹಾಸ್ಟೆಲ್ ಕಾರಿಡಾರಿನಲ್ಲಿ ನಿಂತು “ಮಂಜು!” ಅಂತ ಒಮ್ಮೆ ಕೂಗಿ ನೋಡಿ. ನಾಲ್ಕು ಬಾಗಿಲು ತೆರೆಯುತ್ತೆ. ಮಂಜುನಾಥ, ಮಂಜೇಗೌಡ, ಇನ್ನೊಬ್ಬ ಮಂಜುನಾಥ, ಜೊತೆಗೆ ಅರ್ಧ ನಿದ್ದೆಯಲ್ಲಿ ತನ್ನನ್ನೇ ಕರೆದರು ಅಂದ್ಕೊಂಡ ಅಂಜನ್‌ಕುಮಾರ್. ನೀವು ಕರೆದಿದ್ದು ಒಬ್ಬನನ್ನೇ. ಆಂಟಿಬಾಡಿ ಕೂಗೋದೂ ಹೀಗೇ, ಓಗೊಡುವವರೂ ಹೀಗೇ.

ಎನ್‌ಕ್ಯಾಮ್ ವಿಷಯದಲ್ಲಿ ಸ್ವಾರಸ್ಯ ಏನಪ್ಪಾ ಅಂದ್ರೆ, ಈ ಪ್ರೋಟೀನ್ ಸಿಕ್ಕಿದ್ದೇ ಆಂಟಿಬಾಡಿಯಿಂದ. ನ್ಯೂಯಾರ್ಕಿನ ರಾಕ್‌ಫೆಲರ್ ಯೂನಿವರ್ಸಿಟಿಯ ಜೆರಾಲ್ಡ್ ಎಡೆಲ್‌ಮನ್‌ಗೆ 1972ರಲ್ಲಿ ನೊಬೆಲ್ ಬಂತು, ರಾಡ್ನಿ ಪೋರ್ಟರ್ ಜೊತೆ ಹಂಚಿಕೊಂಡು. ಯಾತಕ್ಕೆ? ಆಂಟಿಬಾಡಿಯ ರಾಸಾಯನಿಕ ರಚನೆ ಬಿಡಿಸಿದ್ದಕ್ಕೆ. ಅದಾದ ಮೇಲೆ ಅವರು ಆಂಟಿಬಾಡಿಯನ್ನು ಬಿಟ್ಟು, ಕೋಶಗಳು ಒಂದಕ್ಕೊಂದು ಹೇಗೆ ಅಂಟುತ್ತವೆ ಅನ್ನೋ ಪ್ರಶ್ನೆ ಹಿಡಿದರು. ಬಿಟ್ಟರು ಅಂತ ನಾನು ಹೇಳಿದೆ, ಪೂರ್ತಿ ಬಿಡಲಿಲ್ಲ.

ಅವರ ತಂಡ ಮಾಡಿದ್ದು ಇಷ್ಟು. ಕೋಳಿಮೊಟ್ಟೆಯೊಳಗಿನ ಭ್ರೂಣದ ಕಣ್ಣಿನ ರೆಟಿನಾ ತೆಗೆದುಕೊಂಡು ಅದರ ಕೋಶಗಳನ್ನು ಬಿಡಿಬಿಡಿ ಮಾಡಿದರು. ಇವನ್ನು ದ್ರವದಲ್ಲಿ ಮೆಲ್ಲಗೆ ಅಲ್ಲಾಡಿಸುತ್ತಿದ್ದರೆ ತಾವಾಗಿಯೇ ಮತ್ತೆ ಗುಂಪುಗೂಡುತ್ತವೆ. ಈಗ ಇದೇ ಕೋಶಗಳನ್ನು ಮೊಲಕ್ಕೆ ಚುಚ್ಚಿ ಆಂಟಿಬಾಡಿ ಪಡೆದರು. ಮೊಲದ ರಕ್ತದಲ್ಲಿ ಬರೋದು ಒಂದಲ್ಲ, ಕೋಶದ ಮೈಮೇಲಿನ ನೂರೆಂಟು ಪ್ರೋಟೀನುಗಳ ವಿರುದ್ಧ ನೂರೆಂಟು ಆಂಟಿಬಾಡಿ, ಕಲಸುಮೇಲೋಗರ. ಅದರ ಮೇಲೆ ವೈ ಆಕಾರದ ಆಂಟಿಬಾಡಿಗೆ ಎರಡು ಕೈ. ಒಂದು ಕೈಯಲ್ಲಿ ಈ ಕೋಶ, ಇನ್ನೊಂದು ಕೈಯಲ್ಲಿ ಆ ಕೋಶ ಹಿಡಿದರೆ ಆಂಟಿಬಾಡಿಯೇ ಅಂಟಾಗಿಬಿಡುತ್ತೆ, ಪ್ರಯೋಗ ಕೆಟ್ಟಿತು. ಅದಕ್ಕೇ ಆಂಟಿಬಾಡಿಯನ್ನು ಕತ್ತರಿಸಿ ಒಂದೇ ಕೈ ಇರುವ ಚೂರುಗಳನ್ನು ಬಳಸಿದರು. ಆ ಚೂರುಗಳನ್ನು ಹಾಕಿದಾಗ ಕೋಶಗಳು ಗುಂಪುಗೂಡೋದು ನಿಂತಿತು. ಅಂದ್ರೆ ಈ ಕಲಸುಮೇಲೋಗರದಲ್ಲಿ ಎಲ್ಲೋ ಒಂದು ಆಂಟಿಬಾಡಿ, ಅಂಟಿಸುವ ಪ್ರೋಟೀನನ್ನೇ ಮುಚ್ಚುತ್ತಿದೆ. ಯಾವುದದು? ಕೋಶದಿಂದ ತೆಗೆದ ಪ್ರೋಟೀನುಗಳನ್ನು ಬೇರೆ ಬೇರೆ ಮಾಡಿ, ಯಾವ ಭಾಗವನ್ನು ಸೇರಿಸಿದರೆ ಆಂಟಿಬಾಡಿ ಅದಕ್ಕೇ ಅಂಟಿಕೊಂಡು ಸುಮ್ಮನಾಗುತ್ತೆ, ಕೋಶಗಳು ಮತ್ತೆ ಗುಂಪುಗೂಡುತ್ತವೆ ಅಂತ ಹುಡುಕುತ್ತಾ ಹೋದರು. ಹಾಗೆ ಸಿಕ್ಕ ಪ್ರೋಟೀನೇ ಮುಂದೆ ಎನ್‌ಕ್ಯಾಮ್ ಆಯಿತು. ಶುದ್ಧ ಮಾಡಿದ ಪ್ರೋಟೀನಿಗೆ ಹೊಸದಾಗಿ ಆಂಟಿಬಾಡಿ ಮಾಡಿಸಿ, ಅದೂ ಅಂಟೋದನ್ನು ತಡೆಯುತ್ತಾ ಅಂತಲೂ ನೋಡಿದರು.

ಇಲ್ಲಿ ಗಮನಿಸಬೇಕಾದ್ದು, ಆಂಟಿಬಾಡಿಯ ರಚನೆ ಕಂಡುಹಿಡಿದು ನೊಬೆಲ್ ತೆಗೆದುಕೊಂಡ ಮನುಷ್ಯನ ಲ್ಯಾಬ್‌ನಲ್ಲೇ ಯಾರೂ ಆಂಟಿಬಾಡಿಯನ್ನು ಸುಮ್ಮನೆ ನಂಬಲಿಲ್ಲ. ಕೆಲಸ ಕೊಟ್ಟರು, ಮಾಡಿ ತೋರಿಸು ಅಂದರು, ತಡೆಯೋದನ್ನು ತೋರಿಸಿದ ಮೇಲೆ ತಡೆ ಬಿಡೋದನ್ನೂ ತೋರಿಸು ಅಂದರು. ನಾವು ಈಗ ಆ ಪರೀಕ್ಷೆಯನ್ನು ಬಿಟ್ಟು ಹೆಸರನ್ನು ಮಾತ್ರ ಇಟ್ಟುಕೊಂಡಿದ್ದೇವೆ, ಅದೂ ಟ್ಯೂಬಿನಲ್ಲಿ ತುಂಬಿ ದುಡ್ಡು ಕೊಟ್ಟು.

ಇದೇ ಪ್ರೋಟೀನು ಬೇರೆ ಊರುಗಳಲ್ಲಿ ಬೇರೆ ಹೆಸರಿನಲ್ಲಿ ಸಿಕ್ಕಿತ್ತು. ಡೆನ್ಮಾರ್ಕಿನವರು ಡಿ2 ಅಂದರು, ಫ್ರಾನ್ಸಿನವರು ಬಿಎಸ್‌ಪಿ-2 ಅಂದರು. ಇಮ್ಯುನಾಲಜಿಯವರು ರಕ್ತದಲ್ಲಿ ನ್ಯಾಚುರಲ್ ಕಿಲ್ಲರ್ ಕೋಶಗಳನ್ನು ಗುರುತಿಸೋಕೆ ಬಳಸುತ್ತಿದ್ದ ಸಿಡಿ56 ಕೂಡ ಎನ್‌ಕ್ಯಾಮೇ ಅಂತ 1989ರಲ್ಲಿ ಗೊತ್ತಾಯಿತು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಆಂಟಿಬಾಡಿ, ಪ್ರತಿಯೊಬ್ಬರದ್ದೂ ಒಂದೊಂದು ಹೆಸರು. ಇನ್ನೂ ಮಜಾ ಇದೆ. 1987ರಲ್ಲಿ ಎಡೆಲ್‌ಮನ್ ತಂಡವೇ ಎನ್‌ಕ್ಯಾಮ್‌ನ ಅನುಕ್ರಮ ಓದಿದಾಗ ಅದರ ಹೊರಭಾಗದಲ್ಲಿ ಐದು ಮಡಿಕೆಗಳು ಆಂಟಿಬಾಡಿಯ ಮಡಿಕೆಗಳನ್ನೇ ಹೋಲುತ್ತಿದ್ದವು. ಹುಡುಕೋಕೆ ಹೋದವನೂ ಸಿಕ್ಕವನೂ ದೂರದ ಸಂಬಂಧಿಕರು! ಇದೇ ಕುಟುಂಬದಲ್ಲಿ ಎಲ್1, ಎನ್‌ಕ್ಯಾಮ್2 ಅಂತ ಇನ್ನೂ ಎಷ್ಟೋ ಜನ ಇದ್ದಾರೆ. ಮಂಜುಗಳ ಕಾರಿಡಾರ್ ಅಂತ ನಾನು ಹೇಳಿದ್ದು ಸುಮ್ಮನೆ ಅಲ್ಲ.

ಇಷ್ಟಕ್ಕೇ ಮುಗಿಯಲ್ಲ. ಎನ್‌ಕ್ಯಾಮ್ ಒಂದೇ ಜೀನಿನಿಂದ ಬಂದರೂ ಮುಖ್ಯವಾಗಿ ಮೂರು ಅಳತೆಯಲ್ಲಿ ಸಿಗುತ್ತೆ. 120, 140, 180 ಕಿಲೋಡಾಲ್ಟನ್. ದೊಡ್ಡವೆರಡು ಕೋಶದ ಪೊರೆಯನ್ನು ದಾಟಿ ಒಳಗೂ ಬಾಲ ಇಟ್ಟುಕೊಂಡಿವೆ. 120ರದ್ದು ಒಳಗೆ ಏನೂ ಇಲ್ಲ, ಪೊರೆಗೆ ಹೊರಗಿನಿಂದ ಸಿಕ್ಕಿಸಿದ ಹಾಗೆ ಇರುತ್ತೆ. ಈಗ ನೀವು ಕೊಂಡ ಆಂಟಿಬಾಡಿ ಒಳಬಾಲವನ್ನು ಹಿಡಿಯುವಂಥದ್ದಾದರೆ 120 ನಿಮ್ಮ ಪಾಲಿಗೆ ಇಲ್ಲವೇ ಇಲ್ಲ. ಹೊರಭಾಗವನ್ನು ಹಿಡಿಯುವಂಥದ್ದಾದರೆ ಮೂರೂ ಬರಬಹುದು. ಎರಡು ಟ್ಯೂಬಿನ ಮೇಲೂ ಹೆಸರು ಒಂದೇ.

ಅದರ ಮೇಲೆ ಸಕ್ಕರೆ. ಎನ್‌ಕ್ಯಾಮ್‌ನ ಐದನೇ ಮಡಿಕೆಯ ಮೇಲೆ ಪಾಲಿಸಿಯಾಲಿಕ್ ಆಸಿಡ್ ಅನ್ನೋ ಉದ್ದುದ್ದ ಸಕ್ಕರೆ ಸರಪಳಿ ಕೂರುತ್ತೆ. ಋಣ ಆವೇಶ ತುಂಬಿಕೊಂಡು, ನೀರು ಹಿಡಿದುಕೊಂಡು ಉಬ್ಬಿ, ಪಕ್ಕದ ಕೋಶವನ್ನು ದೂರ ತಳ್ಳುತ್ತೆ. ಅಂಟಿಸುವ ಪ್ರೋಟೀನಿನ ಮೇಲೇ ಅಂಟದಂತೆ ಮಾಡುವ ಸಕ್ಕರೆ! ಭ್ರೂಣದಲ್ಲಿ ಇದು ಹೇರಳ, ಯಾಕಂದ್ರೆ ಆಗ ಕೋಶಗಳು ಓಡಾಡಬೇಕು. ದೊಡ್ಡವರಾದ ಮೇಲೆ ಹಿಪೊಕ್ಯಾಂಪಸ್‌ನ ಒಂದು ಭಾಗ, ಆಲ್ಫ್ಯಾಕ್ಟರಿ ಬಲ್ಬ್ ಹೀಗೆ ಕೆಲವು ಕಡೆ ಮಾತ್ರ ಉಳಿಯುತ್ತೆ. ಸಕ್ಕರೆಯನ್ನೇ ಹಿಡಿಯುವ ಆಂಟಿಬಾಡಿಗಳೂ ಮಾರುಕಟ್ಟೆಯಲ್ಲಿವೆ. ಅದನ್ನು ಹಾಕಿ “ವಯಸ್ಸಾದಂತೆ ಎನ್‌ಕ್ಯಾಮ್ ಕಡಿಮೆಯಾಯಿತು” ಅಂತ ಬರೆದರೆ ಅದು ತಪ್ಪು ಓದು. ಕಡಿಮೆಯಾಗಿದ್ದು ಸಕ್ಕರೆ, ಪ್ರೋಟೀನ್ ಅಲ್ಲೇ ಇರಬಹುದು. ಇದೇ ಸಕ್ಕರೆ ಮೆನಿಂಜೈಟಿಸ್ ತರುವ ಮೆನಿಂಗೊಕಾಕಸ್ ಬಿ ಬ್ಯಾಕ್ಟೀರಿಯಾದ ಹೊದಿಕೆಯಲ್ಲೂ ಇದೆ. ನಮ್ಮ ದೇಹ ಅದನ್ನು ಸ್ವಂತದ್ದು ಅಂದುಕೊಂಡು ಸುಮ್ಮನಿರುತ್ತೆ. ಆ ಬ್ಯಾಕ್ಟೀರಿಯಾಕ್ಕೆ ಲಸಿಕೆ ಮಾಡೋದು ಅಷ್ಟು ಕಷ್ಟವಾಗಿದ್ದಕ್ಕೆ ಒಂದು ಕಾರಣ ಇದು. (ವಿಷಯ ಸ್ವಲ್ಪ ಆಚೆ ಹೋಯ್ತು, ಆದರೆ ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಹೇಳದೆ ಇರೋಕಾಗಲ್ಲ.)

ಈಗ ನಮ್ಮ ಡಿಪಾರ್ಟ್‌ಮೆಂಟಿನ ಒಬ್ಬ ಸೀನಿಯರ್ ಅಕ್ಕನ ವಿಷಯ. ಫೈನಲ್ ಇಯರ್ ಪ್ರಾಜೆಕ್ಟನ್ನು ಹೊರಗಿನ ಒಂದು ಲ್ಯಾಬ್‌ನಲ್ಲಿ ಮಾಡುತ್ತಿದ್ದರು. ಇಲಿಯ ಮೆದುಳಿನ ಸ್ಯಾಂಪಲ್, ವೆಸ್ಟರ್ನ್ ಬ್ಲಾಟ್. ಗೊತ್ತಿಲ್ಲದವರಿಗೆ ಒಂದೇ ಮಾತಲ್ಲಿ: ಪ್ರೋಟೀನುಗಳನ್ನು ಜೆಲ್‌ನಲ್ಲಿ ಅಳತೆ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್ ಅನ್ನೋ ಹಾಳೆಗೆ ಇಳಿಸಿ, ಮೊದಲ ಆಂಟಿಬಾಡಿ ಹಾಕಿ, ಅದನ್ನು ಹಿಡಿಯುವ ಎರಡನೇ ಆಂಟಿಬಾಡಿ ಹಾಕಿ, ಬೆಳಕು ಬಂದ ಕಡೆ ಬ್ಯಾಂಡ್ ಅಂತ ಗುರುತು ಮಾಡೋದು. ಅಕ್ಕನಿಗೆ 140ರ ಹತ್ತಿರ ಮಸುಕಾಗಿ ಏನೋ ಬಂತು. ಆದರೆ 50ರ ಹತ್ತಿರ ಕಪ್ಪಗೆ, ದಪ್ಪಗೆ, ಎದ್ದು ಕಾಣುವ ಬ್ಯಾಂಡ್. 25ರ ಹತ್ತಿರ ಇನ್ನೊಂದು. ಅಲ್ಲಿನ ಹಿರಿಯರೊಬ್ಬರು ನೋಡಿ “ಎನ್‌ಕ್ಯಾಮ್ ಒಡೆದು ಚೂರಾಗಿದೆ ಕಣಮ್ಮ, ಡಿಗ್ರೇಡೇಶನ್ ಪ್ರಾಡಕ್ಟ್ ಅಂತ ಬರಿ” ಅಂದರಂತೆ.

ಅಕ್ಕ ಬರೆಯಲಿಲ್ಲ. ಇನ್ನೊಂದು ಬ್ಲಾಟ್ ಮಾಡಿ ಮೆಂಬ್ರೇನಿನ ಒಂದು ಪಟ್ಟಿ ಕತ್ತರಿಸಿಕೊಂಡು, ಅದಕ್ಕೆ ಮೊದಲ ಆಂಟಿಬಾಡಿ ಹಾಕದೆ ಬರೀ ಎರಡನೆಯದ್ದನ್ನು ಹಾಕಿ ನೋಡಿದರು. 140ರ ಬಳಿ ಖಾಲಿ. 50 ಮತ್ತು 25 ಮಾತ್ರ ಹಾಗೇ ಬಂತು! ಲೆಕ್ಕ ಸುಲಭ. ಮೊದಲ ಆಂಟಿಬಾಡಿ ಇಲಿಯಲ್ಲಿ ತಯಾರಾದದ್ದು, ಹಾಗಾಗಿ ಎರಡನೆಯದ್ದು ಇಲಿಯ ಆಂಟಿಬಾಡಿಗಳನ್ನು ಹುಡುಕುವಂಥದ್ದು. ಸ್ಯಾಂಪಲ್ ಕೂಡ ಇಲಿಯದ್ದೇ. ಮೆದುಳನ್ನು ರಕ್ತ ಸರಿಯಾಗಿ ತೊಳೆಯದೆ ತೆಗೆದರೆ ಇಲಿಯ ಸ್ವಂತ ಆಂಟಿಬಾಡಿಗಳು ಅದರೊಳಗೇ ಇರ್ತವೆ. ಆಂಟಿಬಾಡಿಯ ಭಾರದ ಸರಪಳಿ 50 ಕಿಲೋಡಾಲ್ಟನ್, ಹಗುರದ್ದು 25. ಎಡೆಲ್‌ಮನ್‌ಗೆ ನೊಬೆಲ್ ಬಂದ ರಚನೆಯೇ ಬ್ಲಾಟಿನ ಮೇಲೆ ಬಂದು ಕೂತಿತ್ತು, ಎನ್‌ಕ್ಯಾಮ್‌ನ ಚೂರು ಅಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಕಪ್ಪಗಿರೋದೆಲ್ಲ ಬ್ಯಾಂಡೂ ಅಲ್ಲ. ಆ ಒಂದು ಪಟ್ಟಿಗೆ ಖರ್ಚಾಗಿದ್ದು ಒಂದು ಬ್ಲೇಡು, ಸ್ವಲ್ಪ ಬಫರ್, ಒಂದು ಮಧ್ಯಾಹ್ನ.

ಒಬ್ಬ ಅಕ್ಕನ ಕಥೆ ಹೇಳಿ ಜಗತ್ತಿನ ಲೆಕ್ಕ ಹಾಕ್ತೀಯಾ ಅಂತ ನೀವು ಕೇಳಬಹುದು. ಸರಿ, ದೊಡ್ಡ ಲೆಕ್ಕವೇ ನೋಡಿ. 2015ರಲ್ಲಿ ಆಂಡ್ರ್ಯೂ ಬ್ರಾಡ್‌ಬರಿ ಮತ್ತು ಆಂಡ್ರಿಯಾಸ್ ಪ್ಲಕ್‌ಥುನ್ ಅನ್ನೋ ಇಬ್ಬರು, ನೂರಕ್ಕೂ ಹೆಚ್ಚು ವಿಜ್ಞಾನಿಗಳ ಬೆಂಬಲದೊಂದಿಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕೆಟ್ಟ ಆಂಟಿಬಾಡಿಗಳಿಂದ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 80 ಕೋಟಿ ಡಾಲರ್ ಪೋಲಾಗುತ್ತಿದೆ ಅನ್ನೋದು ಅವರ ಅಂದಾಜು. ಅಂದಾಜು ತಾನೇ ಅಂತ ತಳ್ಳಿಹಾಕುವವರಿಗೆ 2023ರಲ್ಲಿ ಕೆನಡಾದ ಮಾಂಟ್ರಿಯಲ್‌ನಿಂದ ಉತ್ತರ ಬಂತು. ಮೆಕ್‌ಗಿಲ್ ಯೂನಿವರ್ಸಿಟಿಯ ಮುಂದಾಳತ್ವದ ವೈಕ್ಯಾರೋಸ್ ಅನ್ನೋ ತಂಡ, ನರವಿಜ್ಞಾನಕ್ಕೆ ಸಂಬಂಧಪಟ್ಟ 65 ಪ್ರೋಟೀನುಗಳ ವಿರುದ್ಧ ಮಾರಾಟವಾಗುವ 614 ಆಂಟಿಬಾಡಿಗಳನ್ನು ಸಾಲಾಗಿ ಪರೀಕ್ಷೆ ಮಾಡಿತು. ವಿಧಾನ ಸರಳ. ಒಂದು ಕಡೆ ಮಾಮೂಲಿ ಕೋಶ. ಇನ್ನೊಂದು ಕಡೆ ಅದೇ ಕೋಶ, ಆದರೆ ಆ ಒಂದು ಜೀನನ್ನು ತೆಗೆದುಹಾಕಿದ್ದು, ನಾಕ್‌ಔಟ್ ಅಂತಾರೆ. ಮೊದಲನೆಯದರಲ್ಲಿ ಸಿಗ್ನಲ್ ಬರಬೇಕು, ಎರಡನೆಯದರಲ್ಲಿ ಬರಬಾರದು. ಅರ್ಧಕ್ಕಿಂತ ಹೆಚ್ಚು ಆಂಟಿಬಾಡಿಗಳು ಒಂದಲ್ಲ ಒಂದು ಬಳಕೆಯಲ್ಲಿ ಫೇಲ್. ಗುರಿಯ ಪ್ರೋಟೀನನ್ನು ಗುರುತೇ ಹಿಡಿಯದ ಆಂಟಿಬಾಡಿ ಬಳಸಿದ ಪ್ರಬಂಧಗಳು, ಪ್ರತಿ ಪ್ರೋಟೀನಿಗೆ ಸರಾಸರಿ ಹನ್ನೆರಡರಷ್ಟು ಪ್ರಕಟವಾಗಿದ್ದವು.

ಇದರಲ್ಲಿ ನನಗೆ ಖುಷಿ ಕೊಟ್ಟ ವಿಷಯವೂ ಇದೆ. ಕಂಪನಿಗಳೂ ಈ ಕೆಲಸಕ್ಕೆ ಕೈಜೋಡಿಸಿ ಆಂಟಿಬಾಡಿ ಕೊಟ್ಟಿದ್ದವು. ಫಲಿತಾಂಶ ನೋಡಿ, ಫೇಲ್ ಆದವುಗಳಲ್ಲಿ ಸುಮಾರು ಶೇ. 20ರಷ್ಟನ್ನು ಮಾರಾಟದಿಂದಲೇ ತೆಗೆದವು, ಸುಮಾರು ಶೇ. 40ರಷ್ಟಕ್ಕೆ ಯಾವ ಬಳಕೆಗೆ ಸೂಕ್ತ ಅನ್ನೋ ಶಿಫಾರಸನ್ನು ಬದಲಾಯಿಸಿದವು. ಕೇಳಿದರೆ ಚೀಟಿ ಬದಲಾಗುತ್ತೆ ಅಂತಾಯ್ತು.

ಸಿಎಸ್‌ನವರಿಗೆ ಇದು ತಕ್ಷಣ ಹೊಳೆಯುತ್ತೆ. ಯಾವ ಇನ್‌ಪುಟ್ ಕೊಟ್ಟರೂ ‘ಟ್ರೂ’ ಅಂತ ವಾಪಸ್ ಕೊಡುವ ಫಂಕ್ಷನ್ ಬರೆಯಿರಿ. ಉತ್ತರ ‘ಟ್ರೂ’ ಬರಬೇಕಾದ ಟೆಸ್ಟ್ ಕೇಸುಗಳನ್ನು ಮಾತ್ರ ಓಡಿಸಿದರೆ ನೂರಕ್ಕೆ ನೂರು ಪಾಸ್. ‘ಫಾಲ್ಸ್’ ಬರಬೇಕಾದ ಒಂದೇ ಒಂದು ಕೇಸ್ ಇಲ್ಲದಿದ್ದರೆ ಆ ಫಂಕ್ಷನ್ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ. ಆಗಲೇ ಹೇಳಿದ 1994ರ ಇಲಿಗಳು ಎನ್‌ಕ್ಯಾಮ್ ಆಂಟಿಬಾಡಿಗೆ ಅಂಥ ಕೇಸ್. ಆ ಇಲಿಯ ಮೆದುಳಿನ ಮೇಲೂ ನಿಮ್ಮ ಆಂಟಿಬಾಡಿ ಚೆನ್ನಾಗಿ ಬ್ಯಾಂಡ್ ಕೊಟ್ಟರೆ, ಅದು ಹಿಡಿದಿರೋದು ಎನ್‌ಕ್ಯಾಮ್ ಅಲ್ಲವೇ ಅಲ್ಲ.

ವೈವಾದಲ್ಲಿ “ಮೊನೊಕ್ಲೋನಲ್ ಆಂಟಿಬಾಡಿ ಯಾಕೆ ಒಳ್ಳೆಯದು?” ಅಂತ ಕೇಳ್ತಾರೆ. “ಹೆಚ್ಚು ಸ್ಪೆಸಿಫಿಕ್ ಸರ್” ಅಂದರೆ ಮಾರ್ಕ್ಸ್ ಸಿಗುತ್ತೆ. ಅರ್ಧ ಸರಿ ಅಷ್ಟೇ. 1975ರಲ್ಲಿ ಕೊಹ್ಲರ್ ಮತ್ತು ಮಿಲ್‌ಸ್ಟೀನ್ ಕೇಂಬ್ರಿಜ್‌ನಲ್ಲಿ ಮಾಡಿ ತೋರಿಸಿದ್ದು, ಒಂದೇ ಕೋಶದ ಸಂತತಿಯಿಂದ ಒಂದೇ ಬಗೆಯ ಆಂಟಿಬಾಡಿಯನ್ನು ಬೇಕಾದಷ್ಟು ಪಡೆಯೋದು ಹೇಗೆ ಅಂತ. ಎಲ್ಲ ಅಣುವೂ ಒಂದೇ ಎಪಿಟೋಪನ್ನು ಹಿಡಿಯುತ್ತೆ ಅನ್ನೋದು ಮಾತ್ರ ಅದರ ಗ್ಯಾರಂಟಿ. ಆ ಎಪಿಟೋಪ್ ಎರಡು ಪ್ರೋಟೀನಿನಲ್ಲಿದ್ದರೆ ಎರಡನ್ನೂ ಹಿಡಿಯುತ್ತೆ. ಒಬ್ಬನೇ ನಿಂತು ಒಂದೇ ದನಿಯಲ್ಲಿ ಸಾವಿರ ಸಲ “ಮಂಜು” ಅಂದರೂ ಬಾಗಿಲು ತೆರೆಯೋದು ನಾಲ್ಕೇ. ಇನ್ನೊಂದು ತಾಪತ್ರಯ ಏನಂದ್ರೆ, ಬ್ಲಾಟ್‌ನಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಅಂಗಾಂಶದ ಸ್ಲೈಡಿನ ಮೇಲೆ ಕೈಕೊಡಬಹುದು. ಬ್ಲಾಟ್‌ಗೆ ಹಾಕುವ ಮುಂಚೆ ಪ್ರೋಟೀನನ್ನು ಕಾಯಿಸಿ ಬಿಚ್ಚಿರ್ತೀವಿ. ಸ್ಲೈಡಿನಲ್ಲಿ ಅದು ಮಡಿಸಿಕೊಂಡೇ ಇರುತ್ತೆ. ಮಡಿಸಿಟ್ಟ ಸೀರೆಯ ಒಳಗಿನ ಹೂವಿನ ಡಿಸೈನ್ ಹೊರಗೆ ನಿಂತವರಿಗೆ ಹೇಗೆ ಕಾಣಬೇಕು?

ಇದೆಲ್ಲ ಇಲಿ-ಮೊಲದ ವ್ಯವಹಾರ ಅಂದುಕೊಳ್ಳಬೇಡಿ. ಸಿಡಿ56 ಅನ್ನೋ ಹೆಸರಿನಲ್ಲಿ ಇದೇ ಎನ್‌ಕ್ಯಾಮ್ ಆಂಟಿಬಾಡಿ ಆಸ್ಪತ್ರೆಗಳ ಪೆಥಾಲಜಿ ಲ್ಯಾಬ್‌ನಲ್ಲಿ ಇದೆ. 123ಸಿ3 ಅಂಥ ಒಂದು ಕ್ಲೋನ್. ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರ್ ಥರದ ಗೆಡ್ಡೆಗಳನ್ನು ಗುರುತಿಸೋಕೆ ಬಳಸ್ತಾರೆ. ಬಯಾಪ್ಸಿ ರಿಪೋರ್ಟಿನಲ್ಲಿ ‘ಸಿಡಿ56 ಪಾಸಿಟಿವ್’ ಅನ್ನೋ ಎರಡು ಪದ ಯಾರದ್ದೋ ತಂದೆಯ, ಯಾರದ್ದೋ ಅಜ್ಜಿಯ ಚಿಕಿತ್ಸೆ ಯಾವುದು ಅಂತ ನಿರ್ಧರಿಸುವಲ್ಲಿ ಪಾಲು ತೆಗೆದುಕೊಳ್ಳುತ್ತೆ. ಒಳ್ಳೆಯ ಪೆಥಾಲಜಿಸ್ಟುಗಳಿಗೆ ಇದರ ಮಿತಿ ಗೊತ್ತು. ಸಿಡಿ56 ಬೇರೆ ಎಷ್ಟೋ ಕೋಶಗಳಲ್ಲೂ ಬರುತ್ತೆ ಅಂತ ಸಿನಾಪ್ಟೊಫೈಸಿನ್, ಕ್ರೋಮೊಗ್ರಾನಿನ್ ಜೊತೆ ಸೇರಿಸಿ ನೋಡ್ತಾರೆ, ಪಕ್ಕದಲ್ಲಿ ಕಂಟ್ರೋಲ್ ಸ್ಲೈಡ್ ಇಟ್ಟುಕೊಂಡೇ ಓದ್ತಾರೆ. ಅಂದ್ರೆ ಜೀವ ಅಡಕವಾಗಿರುವ ಕಡೆ ಕಂಟ್ರೋಲ್ ಅನ್ನೋದು ಅಭ್ಯಾಸ. ಅಲ್ಲಿಗೆ ಕೆಲಸಕ್ಕೆ ಹೋಗುವ ನಮ್ಮನ್ನು ತಯಾರು ಮಾಡುವ ಕಡೆ ಅದು ಐಚ್ಛಿಕ! ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಬ್ಯಾಂಕ್ ಇದೆ. ತೀರಿಕೊಂಡವರ ಮನೆಯವರು ದುಃಖದ ನಡುವೆಯೂ ಒಪ್ಪಿ ಕೊಟ್ಟ ಮೆದುಳುಗಳು ಅಲ್ಲಿ ಸಂಶೋಧನೆಗೆ ಸಿಗುತ್ತವೆ. ಅಂಥ ಅಂಗಾಂಶದ ಒಂದು ತೆಳು ಪದರದ ಮೇಲೆ, ಏನನ್ನು ಹಿಡಿಯುತ್ತೋ ಗೊತ್ತಿಲ್ಲದ ಆಂಟಿಬಾಡಿ ಸುರಿಯೋದನ್ನು ನಾನು ಬರೀ ದುಡ್ಡಿನ ನಷ್ಟ ಅಂತ ಕರೆಯಲಾರೆ.

ನಮ್ಮ ಒಬ್ಬ ಮೇಷ್ಟ್ರ ಹತ್ತಿರ ಈ ಮಾತೆತ್ತಿದಾಗ ಅವರು ಹೇಳಿದ್ದರಲ್ಲೂ ನ್ಯಾಯ ಇದೆ. “ನಾಕ್‌ಔಟ್ ಇಲಿ, ನಾಕ್‌ಔಟ್ ಸೆಲ್ ಲೈನ್ ಎಲ್ಲಿಂದ ತರೋಣಪ್ಪ? ನಮಗೆ ವರ್ಷಕ್ಕೆ ಬರೋ ಗ್ರಾಂಟ್‌ನಲ್ಲಿ ಆಂಟಿಬಾಡಿ ತರೋದೇ ಕಷ್ಟ.” ನಿಜ. ನಾಕ್‌ಔಟ್ ಅನ್ನೋದು ಚಿನ್ನದಂಥ ಪರೀಕ್ಷೆ, ಬೆಲೆಯೂ ಹಾಗೇ. ಆದರೆ ಚಿನ್ನ ಕೊಳ್ಳೋಕೆ ಆಗಲ್ಲ ಅಂತ ತಕ್ಕಡಿಯನ್ನೇ ಎಸೆಯಬೇಕಾ? ಎರಡನೇ ಆಂಟಿಬಾಡಿ ಮಾತ್ರ ಹಾಕುವ ಪಟ್ಟಿಗೆ ಹೆಚ್ಚುಕಮ್ಮಿ ಖರ್ಚೇ ಇಲ್ಲ. ಸಕ್ಕರೆ ಅಂಟಿದ ಎನ್‌ಕ್ಯಾಮ್ ಬ್ಲಾಟ್‌ನಲ್ಲಿ ಸಾಫ್ ಬ್ಯಾಂಡ್ ಆಗದೆ, ಮೇಲಿನಿಂದ ಕೆಳಗೆ ಇಂಕು ಒರೆಸಿದ ಹಾಗೆ ಕಾಣುತ್ತೆ. ಬ್ಯಾಕ್ಟೀರಿಯಾಗಳನ್ನು ತಿನ್ನುವ ಒಂದು ವೈರಸ್‌ನಿಂದ ಬರುವ ಎಂಡೋ-ಎನ್ ಎಂಬ ಕಿಣ್ವ ಹಾಕಿದರೆ ಆ ಸಕ್ಕರೆ ಹೋಗಿ ಬ್ಯಾಂಡುಗಳು ಚೊಕ್ಕವಾಗಿ ಕೂರುತ್ತವೆ. ಕೂತರೆ ನಿಮ್ಮ ಆಂಟಿಬಾಡಿ ನಿಜಕ್ಕೂ ಎನ್‌ಕ್ಯಾಮನ್ನು ನೋಡುತ್ತಿದೆ ಅನ್ನೋದಕ್ಕೆ ಒಂದು ಸಾಕ್ಷಿ ಸಿಕ್ಕಿತು. ಅಮೆರಿಕದ ಅಯೋವಾ ಯೂನಿವರ್ಸಿಟಿಯಲ್ಲಿ ಹೈಬ್ರಿಡೋಮಾ ಬ್ಯಾಂಕ್ ಇದೆ, ಎಷ್ಟೋ ಮೊನೊಕ್ಲೋನಲ್‌ಗಳನ್ನು ಕಂಪನಿಗಳಿಗಿಂತ ಬಹಳ ಕಡಿಮೆ ಬೆಲೆಗೆ ಕೊಡುತ್ತೆ. ಮಾಂಟ್ರಿಯಲ್‌ನವರ ವರದಿಗಳು ಯಾರು ಬೇಕಾದರೂ ಪುಕ್ಕಟೆ ಓದಬಹುದಾದವು. ಖರೀದಿಗೆ ಮುಂಚೆ ಒಂದು ಸಂಜೆ ಕೂತು ಓದೋಕೆ ಗ್ರಾಂಟ್ ಬೇಕಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮಜ್ಜಿ ಪಕ್ಕದ ಮನೆ ಜಗಳಕ್ಕೆ ಹೇಳ್ತಿದ್ದರು. ನಮ್ಮ ಲ್ಯಾಬ್ ಮ್ಯಾನ್ಯುವಲ್‌ನಲ್ಲಿ ಇರೋದು ಇದರ ಉಲ್ಟಾ. ವೆಸ್ಟರ್ನ್ ಬ್ಲಾಟ್ ಎಕ್ಸ್‌ಪೆರಿಮೆಂಟ್‌ಗೆ ಕಿಟ್ ಬರುತ್ತೆ, ಕಿಟ್‌ನಲ್ಲಿ ಬ್ಯಾಂಡ್ ಬರೋದು ಮೊದಲೇ ಗ್ಯಾರಂಟಿ. ರೆಕಾರ್ಡಿನಲ್ಲಿ ‘ರಿಸಲ್ಟ್’ ಅಂತ ಒಂದೇ ಕಾಲಂ, ಅಲ್ಲಿ ಎಲ್ಲರೂ ಬರೆಯೋದು ‘ಬ್ಯಾಂಡ್ ಅಬ್ಸರ್ವ್ಡ್’. ಬ್ಯಾಂಡ್ ಬಾರದವರು ಪಕ್ಕದ ಬ್ಯಾಚಿನ ಫೋಟೋ ಅಂಟಿಸ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ಬ್ಯಾಂಡ್ ಬರಬಾರದ ಕಡೆ ಬರಲಿಲ್ಲ ಅಂತ ತೋರಿಸಿದವನಿಗೆ ಒಂದು ಮಾರ್ಕ್ ಕೂಡ ಇಲ್ಲ. ಆ ಖಾಲಿ ಪಟ್ಟಿಗೆ ಹತ್ತರಲ್ಲಿ ನಾಲ್ಕು ಮಾರ್ಕ್ ಇಡಿ ನೋಡೋಣ, ಮಾರನೇ ದಿನದಿಂದಲೇ ಎಲ್ಲರೂ ಕತ್ತರಿ ಹಿಡಿದು ಬರ್ತಾರೆ. ನಮ್ಮನ್ನು ನಾನು ಚೆನ್ನಾಗಿ ಬಲ್ಲೆ.

ಹಾಗಾಗಿ ಕೇಳ್ತಿರೋದು ಎರಡೇ. ಮ್ಯಾನ್ಯುವಲ್‌ನಲ್ಲಿ ಮೆಂಬ್ರೇನಿನ ಒಂದು ಪಟ್ಟಿ ಮೊದಲ ಆಂಟಿಬಾಡಿ ಇಲ್ಲದೆ ಓಡಬೇಕು, ಅದರ ಫೋಟೋ ರೆಕಾರ್ಡಿನಲ್ಲಿ ಕಡ್ಡಾಯ ಆಗಬೇಕು. ಎರಡನೆಯದು, ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬರೀ ‘ಆಂಟಿ-ಎನ್‌ಕ್ಯಾಮ್ ಬಳಸಲಾಯಿತು’ ಅಂತ ಬರೆದರೆ ವಾಪಸ್ ಕಳಿಸಬೇಕು. ಯಾವ ಕ್ಲೋನ್, ಯಾವ ಪ್ರಾಣಿಯದ್ದು, ಕ್ಯಾಟಲಾಗ್ ನಂಬರ್, ಲಾಟ್ ನಂಬರ್, ಪ್ರೋಟೀನಿನ ಯಾವ ಭಾಗಕ್ಕೆ, ಏನು ಕಂಟ್ರೋಲ್, ಇಷ್ಟಿರಬೇಕು.

ಮುಂದಿನ ಸೆಮ್‌ನ ಮ್ಯಾನ್ಯುವಲ್ ಇನ್ನೂ ಪ್ರಿಂಟಿಗೆ ಹೋಗಿಲ್ಲ ಅಂತ ಲ್ಯಾಬ್ ಅಣ್ಣ ಹೇಳಿದ್ದಾರೆ. ಎಚ್‌ಒಡಿಗೆ ಕೊಡೋಕೆ ಪತ್ರ ಬರೆದಿಟ್ಟಿದ್ದೇನೆ, ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಗುರುವಾರ ಮೂರನೇ ಅವರ್ ಮುಗಿದ ಮೇಲೆ ಬಯೋಟೆಕ್ ಲ್ಯಾಬ್ ಬಾಗಿಲ ಹತ್ತಿರ ಇರ್ತೀನಿ, ಸಹಿ ಹಾಕೋರು ಬನ್ನಿ. ಬೇರೆ ಬ್ರಾಂಚಿನವರೂ ಬರಬಹುದು.